ಹನ್ನೆರಡೂವರೆಯ ಗುರು

ಅಲ್ಲ ಭಟ್ರೇ, ಅದನ್ನೇ ನಾಲ್ಕು ಸಲ ಕೇಳಿದ್ರೆ ಗಂಟೆ ಬದಲಾಗ್ತದಾ? ಹನ್ನೆರಡೂವರೆ. ಬರ್ಕೊಳ್ಳಿ. ನನ್ನ ಗಂಡ ಶೈಲೇಶ್, ವಯಸ್ಸು ಮೂವತ್ತೇಳು, ಜೀವ ಹೋದದ್ದು ರಾತ್ರಿ ಹನ್ನೆರಡೂವರೆಗೆ. ಇನ್ನೆಷ್ಟು ಬಿಡಿಸಿ ಹೇಳ್ಲಿ?

ಇಲ್ಲ, ಇಲ್ಲ... ತುಳು ಬೇಡ. ಕನ್ನಡದಲ್ಲೇ ಮಾತಾಡುವ. ಪ್ರೇಕ್ಷಾ ಒಳಗೆ ಕೂತಿದ್ದಾಳೆ. ಅವಳಿಗೆ ತುಳು ಬರ್ತದೆ, ಮರಾಠಿ ಬರ್ತದೆ, ಹಿಂದಿ ಬೈಗುಳ ಸಮೇತ ಬರ್ತದೆ. ಕನ್ನಡ ಒಂದು ತಲೆಗೆ ಹೋಗುವುದಿಲ್ಲ. ಮುಂಬೈ ಬದಿಯ ಈ ಘಣಸೋಲಿಯಲ್ಲಿ ಎಂಟು ವರ್ಷದ ಮಗಳಿಂದ ಒಂದು ಮಾತು ಮುಚ್ಚಿಡಬೇಕಾದ್ರೆ ನಮಗೆ ಉಳಿದಿರುವುದು ಕನ್ನಡ ಮಾತ್ರ.

ನೀರು ಕೊಡ್ಲಾ? ಓ... ಸೂತಕದ ಮನೆ. ನೀವು ಕುಡಿಯುವುದಿಲ್ಲ. ಒಂಬತ್ತು ದಿನ ಆಯ್ತು, ಬಂದವರಿಗೆಲ್ಲ ನೀರು ಬೇಕಾ ಅಂತ ಕೇಳ್ತೇನೆ, ಅವರೆಲ್ಲ ನನ್ನ ಮುಖ ನೋಡ್ತಾರೆ. ಫ್ಯಾನ್ ಆದ್ರೂ ಜೋರು ಮಾಡ್ತೇನೆ. ಗಾಳಿಗೆ ಸೂತಕ ಇಲ್ಲ ಅಲ್ವಾ?

ಅತ್ತೆ ನಿಮಗೆ ಡೊಂಬಿವಲಿಯಿಂದ ಫೋನ್ ಮಾಡಿದ್ದು ನನಗೆ ಗೊತ್ತುಂಟು. ಎಂತ ಹೇಳಿದ್ರು? ಸೊಸೆ ಸಮಯ ಸುಳ್ಳು ಹೇಳ್ತಾಳೆ ಅಂತಾ? ಸೊಸೆಯ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ, ಅದನ್ನೂ ಹೇಳಿದ್ರಾ? ಹೇಳಿದ್ದಾರೆ! ಮುಖದಲ್ಲೇ ಕಾಣ್ತದೆ. ನೀವು ಎಂತ ಭಟ್ರೋ, ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲ ನಿಮಗೆ.

ಇದು ಮೈದುನ ಜಯೇಶ್ ಹಚ್ಚಿದ ಬೆಂಕಿ. ಆಸ್ಪತ್ರೆಗೆ ಬಂದು ಇವರ ಕೈ ಮುಟ್ಟಿ ನೋಡಿದನಂತೆ. ಬೆರಳು ಸೆಟೆದಿತ್ತಂತೆ. "ಅಣ್ಣ ಹೋಗಿ ತುಂಬಾ ಹೊತ್ತಾಗಿದೆ" ಅಂತ ಅಮ್ಮನ ಕಿವಿಯಲ್ಲಿ ಹೇಳಿದ. ಇವನು ಯಾವಾಗ ಡಾಕ್ಟ್ರಾದ? ಉಲ್ಹಾಸನಗರದಲ್ಲಿ ಮೊಬೈಲಿನ ಕವರ್ ಮಾರುವವ! ಆಸ್ಪತ್ರೆಯವರು ಬರೆದದ್ದು ಒಂದೂ ಐವತ್ತು. ಅದು ನಾವು ಅಲ್ಲಿಗೆ ಮುಟ್ಟಿದ ಗಂಟೆ. ತರುವಾಗಲೇ ಜೀವ ಇರಲಿಲ್ಲ ಅಂತ ಒಂದು ಸಾಲು ಬರೆದ್ರು, ಮುಗೀತು ಅವರ ಕೆಲಸ. ಹೋದ ಗಂಟೆ ಯಾವುದು ಅಂತ ಹೇಳಬೇಕಾದವಳು ನಾನು. ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ.

ಗೊತ್ತುಂಟು, ಗೊತ್ತುಂಟು. ಅದನ್ನು ಪುನಃ ಓದಬೇಡಿ. ರಾತ್ರಿ ಹನ್ನೆರಡೂ ಹತ್ತರ ತನಕ ರೇವತಿ ನಕ್ಷತ್ರ, ಆಮೇಲೆ ಅಶ್ವಿನಿ. ಮೊದಲ ದಿನ ಫೋನಿನಲ್ಲಿ ನೀವೇ ಹೇಳಿದ್ದು. ರೇವತಿಯಲ್ಲಿ ಹೋದ್ರೆ ಪಂಚಕ, ಮನೆಗೆ ಮೂರು ತಿಂಗಳು ಬೀಗ. ಒಲೆ ಹಚ್ಚಬಾರದು, ದೀಪ ಇಡಬಾರದು, ಯಾರೂ ಇರಬಾರದು. ಅಶ್ವಿನಿಯಾದ್ರೆ ಏನೂ ತೊಂದರೆ ಇಲ್ಲ. ಇವರು ಹೋದದ್ದು ಅಶ್ವಿನಿಯಲ್ಲಿ. ಇಪ್ಪತ್ತು ನಿಮಿಷ ದಾಟಿ.

ಒಂದು ಕೇಳ್ತೇನೆ, ಸಿಟ್ಟಾಗಬೇಡಿ. ಇವರು ಹೋದದ್ದು ಮನೆಯೊಳಗೆ ಅಲ್ಲ, ಟೆರೇಸಿನಲ್ಲಿ. ಟೆರೇಸ್ ನಮ್ಮದಲ್ಲ, ಸೊಸೈಟಿಯದ್ದು. ರೇವತಿ ಅಂತಲೇ ಇಟ್ಟುಕೊಳ್ಳುವ, ಹಾಗಾದ್ರೆ ಬೀಗ ಯಾವುದಕ್ಕೆ? ಆರು ಮಾಳಿಗೆಗೂ ಹಾಕಬೇಕಲ್ಲ? ನೀವೇ ಹೋಗಿ ಚೇರ್‌ಮನ್‌ಗೆ ಹೇಳಿ. ಇಪ್ಪತ್ತನಾಲ್ಕು ಸಂಸಾರ ಹಾಸಿಗೆ ಸುತ್ತಿಕೊಂಡು ರಸ್ತೆಗೆ ಬನ್ನಿ, ಎರಡನೇ ಮಾಳಿಗೆಯ ಕ್ಯಾಂಟೀನಿನವ ಪಂಚಕದಲ್ಲಿ ಸತ್ತಿದ್ದಾನೆ ಅಂತ!

ನಗ್ತೀರಲ್ಲ? ನಗಿ, ನಗಿ. ಈ ಮನೆಯಲ್ಲಿ ಒಬ್ಬರಾದ್ರೂ ನಗಲಿ.

ನನಗೆ ನಗು ಬರುವುದಿಲ್ಲ ಯಾಕೆ ಅಂದ್ರೆ... ಮೂರು ತಿಂಗಳು ಅಂತ ಬೀಗ ಹಾಕಿ ಡೊಂಬಿವಲಿಗೆ ಹೋದ್ರೆ ಮತ್ತೆ ನನ್ನನ್ನು ಇಲ್ಲಿಗೆ ಬಿಡುವವರು ಯಾರು? ಅತ್ತೆ ಈಗಾಗಲೇ ನನ್ನ ಪಾತ್ರೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನೋಡಿ ಹೋಗಿದ್ದಾರೆ. ಜಯೇಶನ ಹೆಂಡತಿಯ ಅಡುಗೆಮನೆಯಲ್ಲಿ ನಾನು ಎಷ್ಟು ದಿನ ಈರುಳ್ಳಿ ಹೆಚ್ಚಲಿ? ಪ್ರೇಕ್ಷಾ ಮೂರನೇ ಕ್ಲಾಸ್. ಡೊಂಬಿವಲಿಯಿಂದ ಠಾಣೆಗೆ ಒಂದು ಟ್ರೇನು, ಅಲ್ಲಿ ಇಳಿದು ಸೇತುವೆ ಹತ್ತಿ ಇನ್ನೊಂದು ಟ್ರೇನು, ಬೆಳಿಗ್ಗೆ ಏಳಕ್ಕೆ ಆ ಗರ್ದಿಯಲ್ಲಿ... ದೊಡ್ಡವರೇ ಬಾಗಿಲಲ್ಲಿ ನೇತಾಡ್ತಾರೆ. ಶಾಲೆ ಬಿಡಿಸ್ತಾರೆ. ಹೇಳಿಯಾಗಿದೆ, "ಅಲ್ಲೇ ಹತ್ತಿರ ಒಂದು ಶಾಲೆ ಉಂಟು" ಅಂತ. ನೀವು ಒಂದು ಶಬ್ದ ಬರೀಲಿಕ್ಕೆ ಕೂತಿದ್ದೀರಿ ಭಟ್ರೇ, ಅದರ ಮೇಲೆ ಈ ಮನೆ ಉಂಟು.

ಎಂತ? ಗಡಿಯಾರ ನೋಡಿದ್ದೀಯಾ ಅಂತಲಾ? ಗಡಿಯಾರ ಬೇಕಾಗಿಲ್ಲ. ಇವರ ಪಟ್ಟಿ ಉಂಟು.

ತೋರಿಸ್ತೇನೆ, ಕೂತ್ಕೊಳ್ಳಿ. ಆ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ನಿಂತದ್ದು ಕಾಣ್ತದಲ್ಲ? ಅದು ಟೆಲಿಸ್ಕೋಪ್. ನಾನು ಗಟಾರದ ಪೈಪ್ ಅಂತಿದ್ದೆ. ಮಹಾಪೆಯಲ್ಲಿ ಇವರು ಕ್ಯಾಂಟೀನ್ ನೋಡಿಕೊಳ್ತಿದ್ದ ಆಫೀಸಿನಲ್ಲಿ ಒಬ್ಬ ಇಂಜಿನಿಯರ್ ಊರು ಬಿಟ್ಟು ಹೋಗುವಾಗ ಕೊಟ್ಟುಹೋದ. ಜನ ಹೋಗುವಾಗ ಕುರ್ಚಿ ಕೊಡ್ತಾರೆ, ಮಿಕ್ಸರ್ ಕೊಡ್ತಾರೆ. ಇವರಿಗೆ ಪೈಪ್ ಸಿಕ್ಕಿತು. ಅದರ ಜೊತೆಗೆ ಈ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿ ಕೊಟ್ಟ, ಆಕಾಶದ ನಕ್ಷೆ. ನಾಲ್ಕು ವರ್ಷ ಆಯ್ತು.

ನೋಡಿ, ಈ ಕಪ್ಪು ಚಕ್ರ. ಇದೇ ಇಡೀ ಆಕಾಶ. ನಡುವಿನದ್ದು ನೆತ್ತಿಯ ಮೇಲಿನದ್ದು, ಅಂಚು ಅಂದ್ರೆ ನೆಲ ಮುಟ್ಟುವ ಕಡೆ. ಊರು ಘಣಸೋಲಿ ಅಂತ ಹಾಕಿಟ್ಟಿದ್ದಾರೆ. ತಾರೀಕು ಹಾಕಿದ್ರೆ ಆ ದಿನದ ಆಕಾಶ, ಗಂಟೆ ಹಾಕಿದ್ರೆ ಆ ಗಂಟೆಯ ಆಕಾಶ. ಹಿಂದೆ ಬೇಕಾದ್ರೆ ಹಿಂದೆ, ಮುಂದೆ ಬೇಕಾದ್ರೆ ಮುಂದೆ. ಹೀಗೆ... ಬೆರಳಲ್ಲಿ ಎಳೆದ್ರೆ ಸಾಕು. ಮೊದಲು ಅಂಚಿನಲ್ಲಿ ದಿಕ್ಕಿನ ಅಕ್ಷರ ಇತ್ತು, ಇವರು ತೆಗೆದುಬಿಟ್ರು. ಅವರಿಗೆ ಬೇಕಾಗಿರಲಿಲ್ಲ.

ಹೌದು, ನಾನೇ ಕಲಿತೆ. ಈ ಒಂಬತ್ತು ದಿನದಲ್ಲಿ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಾನು ಮಾಡುವುದು ಇದೊಂದೇ. ಆ ರಾತ್ರಿಯ ತಾರೀಕು ಹಾಕ್ತೇನೆ. ಎಳೀತೇನೆ. ಪುನಃ ಹಿಂದೆ ಎಳೀತೇನೆ. ನಿಮ್ಮ ರೇವತಿ, ಅಶ್ವಿನಿ ಇದರಲ್ಲಿ ಇಲ್ಲ. ಹನ್ನೆರಡೂ ಹತ್ತಕ್ಕೆ ಚಂದ್ರ ಎಂತದನ್ನೋ ದಾಟ್ತಾನೆ ಅಂತ ಕಾದು ನೋಡಿದೆ. ಎಂತದೂ ದಾಟುವುದಿಲ್ಲ. ಸುಮ್ಮನೆ ಇರ್ತಾನೆ ಅಲ್ಲೇ.

ಇದು ಪಟ್ಟಿ. ಸಂಜೆ ಚಾ ಕುಡಿಯುವಾಗ ಲ್ಯಾಪ್‌ಟಾಪಿನಲ್ಲಿ ನೋಡಿ ಪಟ್ಟಿ ಮಾಡ್ತಿದ್ರು. ಯಾವುದು ಎಷ್ಟು ಗಂಟೆಗೆ ಬಿಲ್ಡಿಂಗಿನ ಮರೆ ಬಿಟ್ಟು ಮೇಲೆ ಬರ್ತದೆ, ಎಷ್ಟು ಹೊತ್ತು ಇರ್ತದೆ, ಪುನಃ ಯಾವ ನೀರಿನ ಟ್ಯಾಂಕಿನ ಹಿಂದೆ ಹೋಗ್ತದೆ. ಕ್ಯಾಂಟೀನಿನವರಲ್ವಾ! ಏಳೂವರೆಗೆ ಉಪ್ಪಿಟ್ಟು, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ವಡೆ. ಹಾಗೆಯೇ ಇದು. ಆ ರಾತ್ರಿಯದ್ದು ಓದ್ತೇನೆ ಕೇಳಿ. ಎಂಟೂಕಾಲು, ಶನಿ. ಒಂಬತ್ತೂ ನಲ್ವತ್ತು, ಚಂದ್ರ. ಹನ್ನೆರಡೂವರೆ, ಗುರು. ಅಷ್ಟೇ. ಚಂದ್ರ ದೊಡ್ಡದಾಗಿದ್ದ, ಬೇರೆ ಮಸುಕಿನದ್ದೆಲ್ಲ ಕಾಣುವುದಿಲ್ಲ ಅಂತ ಹೇಳಿದ್ರು.

ಇವರ ಕ್ರಮ ಹೇಗೆ ಗೊತ್ತುಂಟಾ? ಪಟ್ಟಿಯ ಗಂಟೆಗೆ ಸರಿಯಾಗಿ ನನಗೆ ಫೋನ್. ಎರಡು ರಿಂಗ್ ಆಗಿ ಕಟ್. ಅಂದ್ರೆ ಮೇಲೆ ಬಾ, ಬಡಿಸಿಯಾಗಿದೆ ಅಂತ. ಐದು ನಿಮಿಷ ಹಿಂದೆ ಇಲ್ಲ, ಮುಂದೆ ಇಲ್ಲ. ಎಂಟೂಕಾಲಿಗೆ ಬಂತು, ಪ್ರೇಕ್ಷಾ ಓಡಿದಳು. ಶನಿ ನೋಡಿ ಬಂದು ಹೇಳಿದಳು, ಇಡ್ಲಿಗೆ ಕಡ್ಡಿ ಚುಚ್ಚಿದ ಹಾಗೆ ಉಂಟು ಅಂತ. ಉಂಡು ಮಲಗಿದಳು.

ಹನ್ನೆರಡೂವರೆಗೆ... ಹನ್ನೆರಡೂವರೆಗೆ ಗುರುವಿನದ್ದು. ರಿಂಗ್ ಬಂತು. ನಾನು ಹೋದೆ. ಮಲಗಿದ್ದ ಮಗಳಿಗೆ ಹೊದಿಸಿ, ಬಾಗಿಲು ಎಳ್ಕೊಂಡು, ಮೇಲೆ. ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ರು. ಎದ್ದು ನನ್ನನ್ನು ಕೂರಿಸಿದ್ರು. ಒಂದು ಕಣ್ಣು ಮುಚ್ಚು ಅಂದ್ರು. ಮುಚ್ಚಿದೆ. ಗುರು ಕಂಡ. ದುಂಡಗೆ, ಮೇಲೆ ಎರಡು ಕಂದು ಗೆರೆ, ಆಚೀಚೆ ನಾಲ್ಕು ಚುಕ್ಕಿ. "ಕಂಡಿತಾ?" ಕೇಳಿದ್ರು. "ಕಂಡಿತು" ಅಂದೆ. ಚೆಂದ ಉಂಟು ಅಂತಲೂ ಹೇಳಿದೆ. ಅಲ್ಲಿ ಖಾಡಿಯ ಮೇಲೆ, ನೀರಿನಿಂದ ಇಷ್ಟು ಎತ್ತರದಲ್ಲಿ, ದೊಡ್ಡ ಗುರು. ಆಮೇಲೆ ಇವರು ಎದೆ ಹಿಡ್ಕೊಂಡ್ರು. ಕೂತ್ರು. ನನ್ನ ಕೈ ಹಿಡ್ಕೊಂಡಿದ್ರು. ಹೋಯ್ತು. ಪ್ರೇಕ್ಷಾಗೂ ಹೀಗೆಯೇ ಹೇಳಿದ್ದೇನೆ. ಪಪ್ಪ ಒಬ್ಬರೇ ಇರಲಿಲ್ಲ, ಅಮ್ಮ ಇದ್ದಳು ಅಂತ.

ಬರೆದ್ರಾ?

ಯಾಕೆ ಪೆನ್ನು ನಿಂತಿತು?

ಖಾಡಿ ಅಂದ್ರೆ ನಮ್ಮ ಠಾಣೆ ಖಾಡಿ ಭಟ್ರೇ. ಟೆರೇಸಿನಿಂದ ಪಶ್ಚಿಮಕ್ಕೆ ಕಾಣ್ತದಲ್ಲ, ಉಪ್ಪು ನೀರು, ಕೆಸರು, ಆಚೆ ಮುಂಬೈಯ ದೀಪ. ಅದರ ಮೇಲೆ ಇದ್ದ ಗುರು. ನಂಬಿಕೆ ಇಲ್ವಾ? ಇಲ್ಲಿ ನೋಡಿ, ಆ ರಾತ್ರಿ ಹಾಕಿದೆ. ಗಂಟೆ ಹನ್ನೆರಡೂವರೆ. ಇದು ಚಂದ್ರ. ಇದು, ಎಡಗಡೆ ಅಂಚಿನ ಹತ್ತಿರ, ಗುರು. ಮೇಲೆ ಉತ್ತರ, ಬಲಗಡೆ ಪೂರ್ವ, ಎಡಗಡೆ ಪಶ್ಚಿಮ. ಶಿರ್ವದ ಶಾಲೆಯಲ್ಲಿ ಹತ್ತನೇ ಕ್ಲಾಸಿನ ತನಕ ಓದಿದ್ದೇನೆ, ಸಮಾಜಕ್ಕೆ ಎಪ್ಪತ್ತೆಂಟು ಮಾರ್ಕು. ಭೂಪಟ ನೋಡಲಿಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.



ಪಂಚಾಂಗ ಯಾಕೆ ಮುಚ್ಚಿದ್ರಿ?

ಕಿಟಕಿಯ ಆಚೆ ಎಂತ ನೋಡ್ತೀರಿ? ಅದು ಪಾರ್ಸಿಕ್ ಗುಡ್ಡ. ಆ ಬದಿ ಪೂರ್ವ. ಬೆಳಿಗ್ಗೆ ಬಿಸಿಲು ಅಲ್ಲಿಂದಲೇ ಬರುವುದು ನಮಗೆ, ಗುಡ್ಡದ ಮೇಲಿಂದ... ಅದಕ್ಕೆಂತ ಈಗ? ಸುಮ್ಮನೆ ನೋಡಬೇಡಿ ಹಾಗೆ. ಇದರಲ್ಲಿ ಬೆಳಗ್ಗೆಯೂ ತೋರಿಸ್ತೇನೆ ಬೇಕಾದ್ರೆ. ಮುಂದೆ ಎಳೀತೇನೆ. ಎರಡು ಗಂಟೆ. ನಾಲ್ಕು. ಗುರು ಮೇಲೆ ಬಂದ, ನಡುವಿಗೆ ಬಂದ. ಚಂದ್ರ ಬಲಗಡೆಗೆ ಇಳಿದ. ಆರು. ಆರೂ ಮುಕ್ಕಾಲು. ಇದು ಸೂರ್ಯ...

ಎಡಗಡೆಯಿಂದ ಬಂದ.

ನಿಲ್ಲಿ. ಪುನಃ ಎಳೀತೇನೆ. ಐದೂವರೆ. ಆರು... ಎಡಗಡೆಯಿಂದಲೇ. ಸೂರ್ಯ ಎಡಗಡೆಯಿಂದ ಹುಟ್ತಾನೆ ಇದರಲ್ಲಿ.

ಹಾಗಾದ್ರೆ ಎಡಗಡೆ ಪೂರ್ವ.

ಹಾಗಾದ್ರೆ ಗುರು ಇದ್ದದ್ದು ಗುಡ್ಡದ ಮೇಲೆ. ಖಾಡಿಯ ಮೇಲೆ ಅಲ್ಲ. ನಿಮಗೆ ನಾನು ಹೇಳುವಾಗಲೇ ಗೊತ್ತಾಯ್ತು ಅಲ್ವಾ? ಈಗ ಕಾರ್ತಿಕದಲ್ಲಿ ಗುರು ಯಾವ ರಾಶಿಯಲ್ಲಿ ಇದ್ದಾನೆ, ಎಷ್ಟು ಗಂಟೆಗೆ ಯಾವ ಕಡೆಯಿಂದ ಏಳ್ತಾನೆ ಅಂತ ನಿಮಗೆ ಲ್ಯಾಪ್‌ಟಾಪ್ ಬೇಡ. ಆದ್ರೂ ಪಂಚಾಂಗ ಮುಚ್ಚಿ ಆ ಗುಡ್ಡ ನೋಡ್ತಾ ಕೂತ್ರಿ ನೀವು. ನಾನು ಮಾರ್ಕು ಬೇರೆ ಹೇಳಿದೆ.

ಇವರು ಒಮ್ಮೆ ಹೇಳಿಕೊಡಲಿಕ್ಕೆ ಬಂದಿದ್ರು. ನಾನು ಬಂಗುಡೆ ಸರಿ ಮಾಡ್ತಿದ್ದೆ. ಲ್ಯಾಪ್‌ಟಾಪ್ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ಅಡುಗೆಮನೆಯಲ್ಲಿ ನಿಂತ್ರು, ಕೊಡೆ ಹಿಡಿದ ಹಾಗೆ. "ಇದು ನೆಲದ ನಕ್ಷೆ ಅಲ್ಲ ರಮಿತಾ, ಇದನ್ನು ಅಡಿಯಿಂದ ನೋಡಬೇಕು, ನೋಡು ಈಗ ಎಡಗಡೆ ಎಂತ ಬಂತು..." ಅಂತ ಎಂತದೋ ಹೇಳ್ತಾ ಇದ್ರು. ನಾನು ತಲೆ ಎತ್ತಲಿಲ್ಲ. "ಅದು ಮೀನಿನ ಮೇಲೆ ಬಿದ್ರೆ ಎರಡನ್ನೂ ಒಟ್ಟಿಗೆ ಹುರಿದು ಬಡಿಸ್ತೇನೆ" ಅಂದೆ. ನಕ್ಕು ಹೊರಗೆ ಹೋದ್ರು. ಅಷ್ಟು ಹೊತ್ತು ಕೇಳಿದ್ದಿದ್ರೆ ಇವತ್ತು ನಿಮ್ಮ ಮುಂದೆ ಸರಿಯಾಗಿ ಸುಳ್ಳು ಹೇಳಬಹುದಿತ್ತು.

ನೀವು ಯಾಕೆ ಬೈಯುವುದಿಲ್ಲ? ಬೈಯಿರಿ. ಅತ್ತೆಗೆ ಫೋನ್ ಮಾಡಿ.

ನಾನು ಅದರಲ್ಲಿ ಒಂದು ದಿನವೂ ಕಣ್ಣಿಟ್ಟಿಲ್ಲ ಭಟ್ರೇ. ನಾಲ್ಕು ವರ್ಷದಲ್ಲಿ ಒಂದು ಸಲವೂ ಇಲ್ಲ. ಆ ಎರಡು ಗೆರೆ, ನಾಲ್ಕು ಚುಕ್ಕಿ, ಅದೆಲ್ಲ ಈ ಸಾಫ್ಟ್‌ವೇರಿನಲ್ಲಿ ದೊಡ್ಡದು ಮಾಡಿ ನೋಡಿದ್ದು. ಮೊನ್ನೆ. ಈ ಮಂಚದ ಮೇಲೆ ಕೂತು.

ಆ ರಾತ್ರಿ ಒಂಬತ್ತೂ ನಲ್ವತ್ತಕ್ಕೆ ಚಂದ್ರನ ರಿಂಗ್ ಬಂತು. ನಾನು ಫೋನ್ ಎತ್ತಿ ಬೈದೆ. ಗ್ಯಾಸ್ ಮುಗಿದಿತ್ತು, ಬುಕ್ ಮಾಡಲಿಕ್ಕೆ ಮೂರು ದಿನದಿಂದ ಹೇಳಿದ್ದೆ, ಮಾಡಿರಲಿಲ್ಲ. ಅಷ್ಟಕ್ಕೇ. ದೊಡ್ಡ ವಿಷಯ ಎಂತದೂ ಅಲ್ಲ. "ಅಲ್ಲೇ ಮನೆ ಮಾಡಿ, ಕೆಳಗೆ ಬರಬೇಡಿ, ನಮಗೆ ನೀವು ಬೇಡ" ಅಂದೆ. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ. ಇವರು ನಕ್ಕರು. ನಗ್ತಾರೆ ಅಂತ ಗೊತ್ತಿದ್ದೇ ನಾನು ಹಾಗೆಲ್ಲ ಹೇಳುವುದು.

ಹತ್ತೂ ಐವತ್ತಕ್ಕೆ ಪುನಃ ಬಂತು. ನೋಡಿದೆ. ಇವರ ಹೆಸರು. ಎತ್ತಲಿಲ್ಲ. ಎರಡು ರಿಂಗಿಗೆ ನಿಲ್ತದೆ ಅಂತ ಇದ್ದೆ. ನಿಲ್ಲಲಿಲ್ಲ. ಪೂರ್ತಿ ಹೊಡೆಯಿತು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಅದೂ ಪೂರ್ತಿ. ನಾನು ಫೋನ್ ಕವುಚಿ ಹಾಕಿ ಮಲಗಿದೆ. ನಿದ್ದೆ ಬಂತು. ಚೆಂದ ನಿದ್ದೆ ಬಂತು ಭಟ್ರೇ. ಎಚ್ಚರ ಆಗುವಾಗ ಒಂದು ಗಂಟೆ, ಹಾಸಿಗೆ ಖಾಲಿ. ಇನ್ನೂ ಸಿಟ್ಟು ಇಳಿದಿರಲಿಲ್ಲ ನನಗೆ. ಬೈಯಲಿಕ್ಕೆ ಅಂತಲೇ ಮೆಟ್ಟಿಲು ಹತ್ತಿದೆ. ಎಂತ ಬೈಯಬೇಕು ಅಂತ ಜೋಡಿಸಿಕೊಂಡು ಹತ್ತಿದೆ. ಬಾಗಿಲ ಹತ್ತಿರ ನಿಂತು ಅರ್ಧ ಬೈದೂ ಆಗಿತ್ತು, ಕುರ್ಚಿಯಲ್ಲಿ ಕೂತವರಿಗೆ.

ಜಯೇಶ್ ಹೇಳಿದ್ದು ಸರಿ. ಬೆರಳು ಸೆಟೆದಿತ್ತು.

ಪಟ್ಟಿ ನೋಡಿ. ನೀವೇ ಓದಿ. ಒಂಬತ್ತೂ ನಲ್ವತ್ತು ಚಂದ್ರ, ಅದು ಬಿಟ್ರೆ ಹನ್ನೆರಡೂವರೆ. ಹತ್ತೂ ಐವತ್ತಕ್ಕೆ ಎಂತದೂ ಇಲ್ಲ. ನಾನು ದಿನಾ ಆಕಾಶವನ್ನು ಹತ್ತೂ ಐವತ್ತಕ್ಕೆ ತಂದು ನಿಲ್ಲಿಸ್ತೇನೆ. ಎಲ್ಲಾ ಮೂಲೆ ಹುಡುಕ್ತೇನೆ, ದೊಡ್ಡದು ಮಾಡಿ, ಸಣ್ಣದು ಮಾಡಿ. ಯಾವುದಾದ್ರೂ ಒಂದು ಹೊಸತು ಬಂದಿರಬೇಕು, ಅದನ್ನು ತೋರಿಸಲಿಕ್ಕೆ ಅಂತ ಕರೆದಿರಬೇಕು. ಹಾಗೆ ಆಗಿದ್ರೆ ಸಾಕಿತ್ತು ನನಗೆ. ಗುರು ಆಗ ಗುಡ್ಡದ ಹಿಂದೆ ಇದ್ದಾನೆ. ಚಂದ್ರನನ್ನು ಆಗಲೇ ನೋಡಿಯಾಗಿದೆ. ಬೇರೆ ಎಂತದೂ ಇಲ್ಲ. ಹತ್ತೂ ಐವತ್ತಕ್ಕೆ ಆ ಆಕಾಶದಲ್ಲಿ ನನ್ನನ್ನು ಕರೆದು ತೋರಿಸುವಂಥದ್ದು ಎಂತದೂ ಇರಲಿಲ್ಲ.

ಎಂತ ಮಾಡ್ತೀರಿ?

ಬೇಡ... ಬೇಡ ಭಟ್ರೇ. ಪೆನ್ನು ಇಡಿ. ಕಂಡಿತು ನನಗೆ, "ಅಶ್ವಿ" ತನಕ ಬರೆದಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು. ಮಗಳ ಶಾಲೆ ಅಂತ, ಮನೆ ಅಂತ ಬರೀತಾ ಇದ್ದೀರಿ. ನಾನೂ ಅದಕ್ಕೇ ಹೇಳಿದ್ದು ಅಂತ ಒಂಬತ್ತು ದಿನ ನನಗೆ ನಾನೇ ಹೇಳ್ತಾ ಇದ್ದೆ, ಮನೆ ಉಳೀಲಿಕ್ಕೆ ಅಂತ. ಆದ್ರೆ ನೀವು ಹನ್ನೆರಡೂವರೆ ಅಂತ ಬರೆದ್ರೆ ನಾನು ಅಲ್ಲಿ ಇದ್ದೆ ಅಂತ ಆಗ್ತದೆ. ಕೈ ಹಿಡ್ಕೊಂಡಿದ್ದೆ ಅಂತ ಆಗ್ತದೆ. ನೀವು ಮಂತ್ರ ಹೇಳುವಾಗ ಆ ಗಂಟೆಯನ್ನು ಇವರ ಹೆಸರಿನ ಜೊತೆ ಹೇಳ್ತೀರಿ. ಇವರಿಗೆ ಕೇಳಿದ್ರೆ?

ಹೊಡೆದು ಹಾಕಿ ಅದನ್ನು. ಹತ್ತೂ ಐವತ್ತು ಅಂತ ಬರೀರಿ. ಹತ್ತೂ ಐವತ್ತೆರಡು. ರೇವತಿ.

ಬರೀರಿ ಭಟ್ರೇ. ಪ್ರೇಕ್ಷಾನ ಪುಸ್ತಕ ನಾನು ಇವತ್ತೇ ಕಟ್ಟಿಡ್ತೇನೆ.